ಹೋಗಿದ್ದು ಸಾಲ್ದು, ವಾಪಸ್ ಬಾ ನೋಡೋಣ

ಹೈಸ್ಕೂಲಲ್ಲಿ ನಮ್ ಜೊತೆ ಒಬ್ಬ ಇದ್ದ, ಅವನಪ್ಪನ ಹತ್ರ ಬಜಾಜ್ ಎಂ80. ಒಂದಿನ ಬೆಳಗ್ಗೆ ಕ್ಲಾಸಿಗೆ ಬಂದವನೇ "ನಿನ್ನೆ ಎಪ್ಪತ್ತೈದು ಮುಟ್ಟಿಸ್ದೆ ಮಾರಾಯ" ಅಂತ ಶುರು ಹಚ್ಕೊಂಡ. ಎಂ80 ಓಡಿಸಿದವರಿಗೆ ಗೊತ್ತು, ಹಿಂದೆ ಹಾಲಿನ ಕ್ಯಾನು ಮುಂದೆ ಹಿಂಡಿ ಚೀಲ ಇಟ್ಕೊಂಡು ಹೋಗೋಕೇ ಹುಟ್ಟಿದ ಗಾಡಿ ಅದು, ಎಪ್ಪತ್ತೈದು ಅಂದ್ರೆ ಅದರ ಮೀಟರ್ರಿಗೇ ನಾಚಿಕೆ ಆಗ್ಬೇಕು. ಸರಿ ತೋರ್ಸು ಅಂತ ಭಾನುವಾರ ನಾಲ್ಕು ಜನ ಹೋದ್ವಿ. ನಮ್ಮೂರಲ್ಲಿ ರೈಸ್ ಮಿಲ್ಲಿಂದ ಹೊಳೆ ಸೇತುವೆವರೆಗೆ ಒಂದೇ ಇಳಿಜಾರು. ಅವನು ಹ್ಯಾಂಡಲ್ ಮೇಲೆ ಎದೆ ಹಚ್ಚಿ ಮಲಗಿ ಬಿಟ್ಟ, ಹಿಂದೆ ಕೂತಿದ್ದವ ನಾನು, ಮುಳ್ಳು ನಡುಗ್ತಾ ನಡುಗ್ತಾ ಎಪ್ಪತ್ತು ದಾಟಿದ್ದು ಈ ಕಣ್ಣಲ್ಲೇ ನೋಡಿದೀನಿ. ಕೆಳಗೆ ನಿಲ್ಸಿ "ಹೆಂಗೆ?" ಅಂತ ಕಾಲರ್ ಎತ್ತಿದ. ಆಗ ಮೇಲೆ ಮಿಲ್ ಹತ್ರ ನಿಂತಿದ್ದ ಇನ್ನೊಬ್ಬ, ಜಾಸ್ತಿ ಮಾತೇ ಆಡದ ಹುಡುಗ, ಅಲ್ಲಿಂದ್ಲೇ ಕೂಗಿದ: "ಈಗ ವಾಪಸ್ ಬಾ ನೋಡೋಣ!" ವಾಪಸ್ ಬರ್ತಾ ಸೆಕೆಂಡ್ ಗೇರು, ಇಪ್ಪತ್ತೈದು, ಕೊನೇ ಏರಲ್ಲಿ ನಾನು ಇಳಿದು ತಳ್ಳಿದೆ.

ಇದು ಯಾಕೆ ನೆನಪಾಯ್ತು ಅಂದ್ರೆ ಈಗೀಗ ಫೋನ್ ತೆಗೆದ್ರೆ ಸಾಕು "ಪ್ರಪಂಚದ ಅತಿ ವೇಗದ ಕಾರು" ಅಂತ ರೀಲ್ಸ್. ಒಂದರಲ್ಲಿ ಬುಗಾಟಿ, ಇನ್ನೊಂದರಲ್ಲಿ ಚೀನಾದ ಎಲೆಕ್ಟ್ರಿಕ್ ಕಾರು, ಮತ್ತೊಂದರಲ್ಲಿ ಅಮೆರಿಕದ ಯಾವುದೋ ಎಸ್‌ಎಸ್‌ಸಿ, ಎಲ್ಲದಕ್ಕೂ ಅದೇ ಢಂ ಢಂ ಮ್ಯೂಸಿಕ್ಕು. ನಂಗೆ ಈ ಕಾರುಗಳ ಹುಚ್ಚು ಚಿಕ್ಕಂದಿನಿಂದ ಇದೆ, ಟ್ರಂಪ್ ಕಾರ್ಡ್ ಆಡ್ತಾ ಟಾಪ್ ಸ್ಪೀಡ್ ಅಂತ ಕೂಗಿ ಎದುರಿನವನ ಕಾರ್ಡ್ ಕಿತ್ಕೊಳ್ತಿದ್ದ ಕಾಲದಿಂದ. ಆವಾಗ ಕಾರ್ಡಲ್ಲಿ ಏನು ಬರೆದಿದ್ಯೋ ಅದೇ ವೇದ. ಈಗ ನಂದು ಒಂದೇ ಹಠ, ಎರಡೂ ದಿಕ್ಕಲ್ಲಿ ಓಡಿಸಿ ಸರಾಸರಿ ತೆಗೀದೆ ಇರೋ ಯಾವ ನಂಬರನ್ನೂ ನಾನು ರೆಕಾರ್ಡ್ ಅಂತ ಒಪ್ಪಲ್ಲ.

ಅತಿ ಆಯ್ತು ಅನ್ಸುತ್ತಾ? ಇದನ್ನ ನೋಡಿ. 2010ರಲ್ಲಿ ಬುಗಾಟಿ ವೇರಾನ್ ಸೂಪರ್ ಸ್ಪೋರ್ಟ್ ಜರ್ಮನಿಯ ಎಹ್ರಾ-ಲೆಸಿಯನ್ ಟ್ರ್ಯಾಕಲ್ಲಿ ಒಂದು ಕಡೆ ಗಂಟೆಗೆ 427.9 ಕಿ.ಮೀ ಹೋಯ್ತು, ಇನ್ನೊಂದು ಕಡೆ 434.2. ರೆಕಾರ್ಡ್ ಅಂತ ಬರೆದಿದ್ದು ಸರಾಸರಿ, 431.07. ಕಾರು ಅದೇ, ಡ್ರೈವರ್ ಅದೇ, ರಸ್ತೆ ಅದೇ, ಆದ್ರೂ ಆರು ಕಿ.ಮೀ ಫರಕು. 2017ರ ನವೆಂಬರ್ 4ಕ್ಕೆ ಸ್ವೀಡನ್ನಿನ ಕೋನಿಗ್‌ಸೆಗ್ ಅಗೇರಾ ಆರ್‌ಎಸ್ ಅಮೆರಿಕದ ನೆವಾಡಾದಲ್ಲಿ, ಲಾಸ್ ವೇಗಾಸ್‌ಗೂ ಪಹ್ರಂಪ್ ಅನ್ನೋ ಊರಿಗೂ ನಡುವೆ ಇರೋ ಹೈವೇ ಬಂದ್ ಮಾಡಿಸ್ಕೊಂಡು ಓಡ್ತಲ್ಲ, ಅಲ್ಲಂತೂ ಒಂದು ದಿಕ್ಕಲ್ಲಿ 436.4, ಇನ್ನೊಂದು ದಿಕ್ಕಲ್ಲಿ 457.9. ಇಪ್ಪತ್ತೊಂದು ಕಿ.ಮೀ ಫರಕು ಸ್ವಾಮಿ! ಕಂಪನಿಯವರು ಮನಸ್ಸು ಮಾಡಿದ್ರೆ 457 ಅಂತ ಬೋರ್ಡ್ ಹಾಕ್ಕೊಂಡು ಕೂರಬಹುದಿತ್ತು, ರೆಕಾರ್ಡ್ ಅಂತ ಕೊಟ್ಟಿದ್ದು 447. ಗಾಳಿ ಬೆನ್ನಿಗಿದ್ರೆ, ರಸ್ತೆ ಕಣ್ಣಿಗೆ ಕಾಣದಷ್ಟು ಇಳಿಜಾರಿದ್ರೆ ಇಷ್ಟಾಗುತ್ತೆ. ನಮ್ ರೈಸ್ ಮಿಲ್ ಲೆಕ್ಕವೇ, ಬೇರೆ ಏನಲ್ಲ.

ಆ ವೇಗದಲ್ಲಿ ಒಂದೊಂದು ಕಿ.ಮೀಗೂ ಎಷ್ಟು ಬೆಲೆ ಅಂತ ಗೊತ್ತಾದ್ರೆ ಮಾತ್ರ ಇದು ಯಾಕೆ ದೊಡ್ಡ ವಿಷಯ ಅಂತ ಅರ್ಥ ಆಗೋದು. ವೇಗ ಎರಡು ಪಟ್ಟಾದ್ರೆ ಎದುರು ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ, ಅದನ್ನ ಸೀಳ್ಕೊಂಡು ಹೋಗೋಕೆ ಎಂಜಿನ್ ಶಕ್ತಿ ಎಂಟು ಪಟ್ಟು ಬೇಕು. 1998ರಲ್ಲಿ ಮೆಕ್ಲಾರೆನ್ ಎಫ್1, ಟರ್ಬೋ ಇಲ್ಲದ ಬಿಎಂಡಬ್ಲ್ಯೂ ವಿ12 ಎಂಜಿನ್, 627 ಹಾರ್ಸ್‌ಪವರ್, ಇದೇ ಎಹ್ರಾ-ಲೆಸಿಯನ್‌ನಲ್ಲಿ ಎರಡು ದಿಕ್ಕಿನ ಸರಾಸರಿ 386 ಕಿ.ಮೀ ಮಾಡ್ತು. ಓಡಿಸಿದ್ದು ಆಂಡಿ ವಾಲೇಸ್. ಅದೇ ಮನುಷ್ಯ, ಅದೇ ಟ್ರ್ಯಾಕು, 21 ವರ್ಷ ಆದ್ಮೇಲೆ 58ನೇ ವಯಸ್ಸಲ್ಲಿ ಬುಗಾಟಿ ಶಿರಾನ್‌ನಲ್ಲಿ 490.48 ಮುಟ್ಟಿದ, ಈ ಸಲ ಎಂಜಿನ್ 1600 ಹಾರ್ಸ್‌ಪವರ್. ಅಂದ್ರೆ ನೂರು ಕಿ.ಮೀ ಜಾಸ್ತಿ ಮಾಡೋಕೆ ಸುಮಾರು ಸಾವಿರ ಕುದುರೆ ಹೆಚ್ಚಿಗೆ ಕಟ್ಬೇಕಾಯ್ತು. ಮೊದಲನೇ ನೂರು ಕಿ.ಮೀ ನಮ್ ಆಲ್ಟೋನೂ ಮಾಡುತ್ತೆ.

ಪೆಟ್ರೋಲ್ ಕಥೆ ಇನ್ನೂ ಮಜ. ಮೊದಲನೇ ವೇರಾನ್ ಇತ್ತಲ್ಲ, 2005ರದ್ದು, ಹದಿನಾರು ಸಿಲಿಂಡರ್ ನಾಲ್ಕು ಟರ್ಬೋ ಹತ್ತು ರೇಡಿಯೇಟರ್, ಅದು ಪೂರ್ತಿ ವೇಗದಲ್ಲಿ ಓಡಿದ್ರೆ ನೂರು ಲೀಟರ್ ಟ್ಯಾಂಕು ಹನ್ನೆರಡು ನಿಮಿಷಕ್ಕೆ ಖಾಲಿ. ಟೈರ್ ಬಾಳಿಕೆ ಹದಿನೈದು ನಿಮಿಷ. ಹಂಗಾಗಿ ಚಿಂತೆ ಇಲ್ಲ, ಟೈರ್ ಸಾಯೋ ಮೊದ್ಲೇ ಪೆಟ್ರೋಲ್ ಮುಗಿದಿರುತ್ತೆ ಅಂತ ತಮಾಷೆ. ನಾನು ಲೆಕ್ಕ ಹಾಕ್ದೆ, ಗಂಟೆಗೆ 407 ಕಿ.ಮೀಲಿ ಹನ್ನೆರಡು ನಿಮಿಷ ಅಂದ್ರೆ ಎಂಬತ್ತೊಂದು ಕಿ.ಮೀ. ಕೆಂಗೇರಿ ಹತ್ರ ಎಕ್ಸ್‌ಪ್ರೆಸ್‌ವೇ ಹತ್ತಿದ್ರೆ ಮಂಡ್ಯ ಆಸುಪಾಸಲ್ಲಿ ಕೈಲಿ ಕ್ಯಾನ್ ಹಿಡ್ಕೊಂಡು ಬಂಕ್ ಎಲ್ಲಿದೆ ಅಂತ ಕೇಳ್ಬೇಕು.

ಆದ್ರೆ ನಿಜವಾದ ಯಜಮಾನ ಎಂಜಿನ್ ಅಲ್ಲ, ಟೈರು. 490ರಲ್ಲಿ ಕಾರು ಒಂದು ಸೆಕೆಂಡಿಗೆ 136 ಮೀಟರ್ ಹೋಗುತ್ತೆ, ಚಕ್ರ ಸೆಕೆಂಡಿಗೆ ಅರವತ್ತಕ್ಕಿಂತ ಜಾಸ್ತಿ ಸುತ್ತು ಸುತ್ತುತ್ತೆ, ಆ ಸುತ್ತಿಗೆ ಟೈರಿನ ಹೊರಮೈಲಿರೋ ಒಂದು ಗ್ರಾಂ ರಬ್ಬರು ಐದು ಕೆಜಿಗಿಂತ ಜಾಸ್ತಿ ಭಾರ ಇರೋ ಹಾಗೆ ಹೊರಗಡೆ ಎಳೆಯುತ್ತೆ. ಒಂದು ಗ್ರಾಂ ಅಂದ್ರೆ ಎಷ್ಟು, ಇಪ್ಪತ್ತು ಇಪ್ಪತ್ತೈದು ಉದ್ದಿನಕಾಳು ಇರಬಹುದು. ಟೈರಲ್ಲಿ ಎಷ್ಟು ಗ್ರಾಂ ರಬ್ಬರ್ ಇದೆ ಅಂತ ನೀವೇ ಯೋಚ್ನೆ ಮಾಡಿ. ಅದಕ್ಕೇ ಆ ಶಿರಾನ್‌ಗೆ ಹಾಕೋ ಮೊದ್ಲು ಟೈರುಗಳಿಗೆ ಎಕ್ಸ್‌ರೇ ತೆಗೆಸಿದ್ರು, ಮನುಷ್ಯರಿಗೆ ತೆಗೆಸ್ತಾರಲ್ಲ ಹಂಗೆ. ಗಿರಾಕಿಗೆ ಕೊಡೋ ಕಾರಲ್ಲಿ ಆ ನಂಬರ್ ಇರಲ್ಲ, ಅದು ಬೇರೆ. 431 ಹೋದ ವೇರಾನನ್ನ ಮಾರಿದ್ದು 415ಕ್ಕೆ ಲಾಕ್ ಮಾಡಿ, ಟೈರ್ ಉಳೀಲಿ ಅಂತ. ಇದೇ ಕಾರಣಕ್ಕೆ 2013ರಲ್ಲಿ ಗಿನ್ನೆಸ್‌ನವರು ಮೊದ್ಲು ರೆಕಾರ್ಡ್ ಕಿತ್ಕೊಂಡು ಆಮೇಲೆ ಪುನಃ ವಾಪಸ್ ಕೊಟ್ರು. 490ರ ಹೆಸರಲ್ಲಿ ಮಾರಿದ ಮೂವತ್ತು ಶಿರಾನ್‌ಗಳಿಗೆ ಲಾಕ್ 440ಕ್ಕೆ. ಕೋಟಿಗಟ್ಲೆ ಕೊಟ್ಟವನಿಗೂ ಸಿಗೋದು ಟ್ರಂಪ್ ಕಾರ್ಡೇ, ಸ್ವಲ್ಪ ದೊಡ್ಡ ಸೈಜಿಂದು.

ಈಗ ನನ್ನ ತಕರಾರಿಗೆ ಬರ್ತೀನಿ. ಆ 490 ಒಂದೇ ದಿಕ್ಕಿಂದು. ಯಾಕ್ರೀ ಅಂದ್ರೆ ಆ ಟ್ರ್ಯಾಕ್ ಒಂದೇ ದಿಕ್ಕಲ್ಲಿ ಓಡೋಕೆ ಇರೋದು, ಉಲ್ಟಾ ಹೋದ್ರೆ ಟೈರಿಗೆ ಒಳ್ಳೇದಲ್ಲ ಅಂದ್ರು ಬುಗಾಟಿಯವರು. ಅಲ್ಲ ಮಾರಾಯ್ರೆ, ಅದೇ ಟ್ರ್ಯಾಕಲ್ಲಿ 1998ರಲ್ಲಿ ಮೆಕ್ಲಾರೆನ್ ಎರಡೂ ಕಡೆ ಹೋಯ್ತು, 2010ರಲ್ಲಿ ನಿಮ್ದೇ ಕಾರು ಎರಡೂ ಕಡೆ ಹೋಯ್ತು, ಆಗ ಇಲ್ಲದ ದಿಕ್ಕು ಈಗೆಲ್ಲಿಂದ ಬಂತು? ಟೈರಿನ ಭಯ ಸುಳ್ಳು ಅಂತ ಹೇಳ್ತಿಲ್ಲ, 490ರಲ್ಲಿ ಟೈರ್ ಸಿಡಿದ್ರೆ ವಾಲೇಸ್ ಬದುಕ್ತಿರಲಿಲ್ಲ, ಆ ಭಯ ನಂಗೂ ಅರ್ಥ ಆಗುತ್ತೆ. ಹಂಗಿದ್ರೆ ರೆಕಾರ್ಡ್ ಅನ್ಬೇಡಿ, ಅದ್ಭುತ ಓಟ ಅನ್ನಿ, ನಾನೂ ಚಪ್ಪಾಳೆ ಹೊಡೀತೀನಿ. ಅಮೆರಿಕದ ಹೆನೆಸಿ ಕಂಪನಿಯ ವೆನಮ್ ಜಿಟಿ ಕಾರಿಂದೂ ಇದೇ ಕಥೆ, 2014ರಲ್ಲಿ ಕೆನಡಿ ಸ್ಪೇಸ್ ಸೆಂಟರಿನ ಸ್ಪೇಸ್ ಶಟಲ್ ಇಳೀತಿದ್ದ ರನ್‌ವೇಲಿ 435 ಹೋಯ್ತು, ಒಂದೇ ಕಡೆ, ಗಿನ್ನೆಸ್‌ನವರು ತಗೊಳ್ಳಲಿಲ್ಲ.

ಎಸ್‌ಎಸ್‌ಸಿ ಟುವಾಟಾರಾದ್ದು ಇನ್ನೊಂದು ಥರ. 2020ರ ಅಕ್ಟೋಬರಲ್ಲಿ, ಕೋನಿಗ್‌ಸೆಗ್ ಓಡಿದ ಅದೇ ನೆವಾಡಾ ರಸ್ತೇಲಿ ಎರಡೂ ಕಡೆ ಓಡಿಸಿ ಸರಾಸರಿ 508 ಅಂದ್ರು. ನಾನು ಆ ದಿನ ಕುಣಿದಾಡ್ಬಿಟ್ಟಿದ್ದೆ, ಗ್ರೂಪಲ್ಲಿ ಮೊದ್ಲು ಶೇರ್ ಮಾಡಿದ್ದೂ ನಾನೇ. ಆಮೇಲೆ ಕೆಲವು ಯೂಟ್ಯೂಬರ್ಸ್ ಕೂತ್ಕೊಂಡು ವಿಡಿಯೋನ ಒಂದೊಂದೇ ಫ್ರೇಮ್ ನೋಡಿದ್ರು, ರಸ್ತೆ ಪಕ್ಕದ ಗುರುತುಗಳನ್ನ ಮ್ಯಾಪಲ್ಲಿ ಹುಡುಕಿ ಅವುಗಳ ನಡುವಿನ ದೂರ ಅಳೆದು ಕಾಲದಿಂದ ಭಾಗಿಸಿದ್ರು, ಐದನೇ ಕ್ಲಾಸಿನ ಗಣಿತ ಅಷ್ಟೇ, ಪರದೆ ಮೇಲೆ ತೋರಿಸ್ತಿದ್ದ ಸ್ಪೀಡಿಗೂ ಆ ಲೆಕ್ಕಕ್ಕೂ ತಾಳೆನೇ ಆಗ್ಲಿಲ್ಲ. ಅಳತೆ ಉಪಕರಣದ ಕಂಪನಿ ನಾವು ಆ ಡೇಟಾ ಪರಿಶೀಲಿಸೇ ಇಲ್ಲ ಅಂತ ಕೈ ತೊಳ್ಕೊಂಡ್ತು. ಕೊನೆಗೆ ಎಸ್‌ಎಸ್‌ಸಿಯವರೇ ಆ ನಂಬರ್ ಬಿಟ್ಕೊಟ್ರು. ಮುಂದಿನ ಜನವರೀಲಿ ಮತ್ತೆ ಓಡಿಸಿ 455 ಮಾಡಿದ್ರು, ಅದೇನು ಸಣ್ಣ ಸಾಧನೆನಾ? ಆದ್ರೆ 508 ಕೇಳಿದ ಕಿವಿಗೆ 455 ಸಪ್ಪೆ ಆಗೋಯ್ತು, ಪಾಪ. ನಾನು ಗ್ರೂಪಲ್ಲಿ ತಿದ್ದುಪಡಿ ಹಾಕ್ದೆ, ಅದನ್ನ ಯಾರೂ ಓದ್ಲಿಲ್ಲ.

ಇದೆಲ್ಲಕ್ಕಿಂತ ಹಳೇ ಒಂದು ದಿನ ನನ್ನ ತಲೇಲಿ ಕೂತಿದೆ. 1938ರ ಜನವರಿ 28, ಫ್ರಾಂಕ್‌ಫರ್ಟ್ ಡಾರ್ಮ್‌ಸ್ಟಾಟ್ ನಡುವಿನ ಆಟೋಬಾನ್, ಅಂದ್ರೆ ಜರ್ಮನಿಯ ಹೈವೇ. ಬೆಳಗ್ಗೆ ಮರ್ಸಿಡಿಸ್‌ನ ರುಡಾಲ್ಫ್ ಕರಾಚಿಯೋಲಾ ಎರಡು ದಿಕ್ಕಿನ ಸರಾಸರಿ 432.7 ಮಾಡಿ ಮುಗಿಸಿದ. 1938 ಅಂದ್ರೆ ಈಗಿನ ಟೈರಿಲ್ಲ, ಕಂಪ್ಯೂಟರಿಲ್ಲ, ಸೀಟ್ ಬೆಲ್ಟೂ ಇಲ್ಲ. ಅದೇ ದಿನ, ಅದೇ ರಸ್ತೇಲಿ, ಎದುರಾಳಿ ಕಂಪನಿ ಆಟೋ ಯೂನಿಯನ್‌ನ ಬರ್ನ್ಡ್ ರೋಸೆಮೇಯರ್ ಅದನ್ನ ಮುರಿಯೋಕೆ ಹೊರಟ. ಅಡ್ಡಗಾಳಿ ಕಾರನ್ನ ಎತ್ತಿ ಹಾಕ್ತು. ಅವನಿಗೆ 28 ವರ್ಷ, ಹೆಂಡತಿ ಎಲಿ ಬೈನ್‌ಹಾರ್ನ್ ಆ ಕಾಲದ ಹೆಸರಾಂತ ವಿಮಾನ ಚಾಲಕಿ, ಮಗು ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ಸಾರ್ವಜನಿಕ ರಸ್ತೇಲಿ ಕರಾಚಿಯೋಲಾ ಮಾಡಿದ ಆ ವೇಗವನ್ನ ಮುರಿಯೋಕೆ 79 ವರ್ಷ ಬೇಕಾಯ್ತು, ಮುರಿದಿದ್ದು ನೆವಾಡಾದ ಆ ಕೋನಿಗ್‌ಸೆಗ್ಗೇ. ಅದಕ್ಕೇ ನಂಗೆ ಆ 447 ಮೇಲೆ ಇಷ್ಟು ಮರ್ಯಾದೆ.

ಓದ್ತಾ ಓದ್ತಾ ಯಾರೋ ಒಬ್ರು "ನಮ್ ಗಾಡೀನೂ ಮೈಸೂರ್ ರೋಡಲ್ಲಿ 180 ಹೋಗಿದೆ" ಅಂತ ಹೇಳೋಕೆ ಬಾಯಿ ತೆಗೆದಿರ್ತೀರಿ, ಗೊತ್ತು. ಮೊದಲನೇದು, ಅಲ್ಲಿ ಮಿತಿ 100, ಮೇಲೆ ಕ್ಯಾಮೆರಾ, 130 ದಾಟಿದ್ರೆ 2024ರ ಆಗಸ್ಟಿಂದ ಎಫ್‌ಐಆರ್. ಎರಡನೇದು, ನಿಮ್ ಮೀಟರ್ ನಿಮಗೆ ಸುಳ್ಳು ಹೇಳ್ತಿದೆ. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸೋ ಹಾಗೇ ಇಲ್ಲ ಅಂತ ಯುರೋಪಿನ ನಿಯಮ, ಜಾಸ್ತಿ ತೋರಿಸಿದ್ರೆ ಒಂದು ಮಟ್ಟದವರೆಗೆ ಪರವಾಗಿಲ್ಲ, ಹಂಗಾಗಿ ಕಂಪನಿಯವರು ಸ್ವಲ್ಪ ಮುಂದೇ ಇಟ್ಟಿರ್ತಾರೆ. ಆ ಎಂ80 ಗೆಳೆಯ ಈಗ ದೊಡ್ಡ ಎಸ್‌ಯುವಿ ಇಟ್ಟಿದಾನೆ, ಕಳೆದ ವರ್ಷ ಮದುವೆ ಮನೇಲಿ ಸಿಕ್ಕವನು ಪಂಕ್ತೀಲಿ ಪಕ್ಕ ಕೂತು ಊರಿಗೆ ಬರ್ತಾ 165 ಮುಟ್ಟಿಸಿದ್ದನ್ನ ಹೇಳ್ತಿದ್ದ. ವಾಪಸ್ ಹೋಗ್ತಾ ಎಷ್ಟು ಅಂತ ಕೇಳ್ದೆ. "ವಾಪಸ್ ಹೋಗ್ತಾ ಇವ್ಳು ಓಡಿಸ್ತಾಳೆ" ಅಂತ ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಂಡ.

ಚೀನಾ ಕಾರಿನ ವಿಷಯ ಬಿಟ್ರೆ ಬೈತೀರಿ. ಬಿವೈಡಿಯವರ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್, 2025ರ ಸೆಪ್ಟೆಂಬರ್, ಜರ್ಮನಿಯ ಪಾಪೆನ್‌ಬುರ್ಗ್ ಟ್ರ್ಯಾಕು, 496.22. ನಾಲ್ಕು ಮೋಟರು, ಒಂದು ಹನಿ ಪೆಟ್ರೋಲಿಲ್ಲ. ಹಳೇ ಹುಲಿಗಳಿಗೆಲ್ಲ ಹೊಟ್ಟೆ ಉರಿ, ಸೌಂಡೇ ಇಲ್ಲ ಇದೆಂತ ಕಾರು ಅಂತ. ನಂಗೇನೂ ಬೇಜಾರಿಲ್ಲ, ಗಂಟೆಗೆ ನೂರು ಕಿ.ಮೀ ದಾಟಿದ ಮೊಟ್ಟಮೊದಲನೇ ಕಾರೇ ಎಲೆಕ್ಟ್ರಿಕ್ಕು, 1899ರಲ್ಲಿ ಪ್ಯಾರಿಸ್ ಹತ್ರ ಕಮೀಲ್ ಜೆನಾಟ್ಸಿ ಓಡಿಸಿದ್ದು, 105.88. ಸಿಗಾರ್ ಆಕಾರದ ಬಾಡಿ, ಅದರ ಮೇಲೆ ಸೊಂಟದವರೆಗೂ ಹೊರಗೆ ಕಾಣ್ತಾ ಕೂತಿರೋ ಗಡ್ಡದ ಮನುಷ್ಯ, ಗಾಳಿ ಸೀಳೋಕೆ ಅಷ್ಟೆಲ್ಲ ತಲೆ ಓಡಿಸಿ ಕೊನೆಗೆ ತಾನೇ ಗಾಳಿಗೆ ಅಡ್ಡ ನಿಂತಂಗೆ, ಫೋಟೋ ಹುಡುಕಿ ನೋಡಿ, ನಗು ಬರುತ್ತೆ. ಯು9ದು ಯಥಾಪ್ರಕಾರ ಒಂದು ಓಟದಲ್ಲಿ ಮುಟ್ಟಿದ ಗರಿಷ್ಠ ವೇಗ, ಎರಡು ದಿಕ್ಕಿನ ಸರಾಸರಿ ಅಲ್ಲ. ಸೋ ನನ್ನ ಪಟ್ಟಿಲಿ ಅದೂ ಬುಗಾಟಿ ಪಕ್ಕದಲ್ಲೇ, ಕಾಯ್ತಾ ಕೂತಿರ್ಲಿ.

ಉಳಿದಿದ್ದು ಕೋನಿಗ್‌ಸೆಗ್‌ನ ಜೆಸ್ಕೋ ಅಬ್ಸಲ್ಯೂಟ್. ಕಂಪ್ಯೂಟರ್ ಲೆಕ್ಕದಲ್ಲಿ 500 ದಾಟುತ್ತಂತೆ, ಇದಕ್ಕಿಂತ ವೇಗದ ಕಾರು ನಾವು ಮುಂದೆ ಮಾಡಲ್ಲ ಅಂತಾನೂ ಕಂಪನಿ ಹೇಳ್ಬಿಟ್ಟಿದೆ. ಹಿಂದೆ ಫೈಟರ್ ಜೆಟ್ಟಿಂದು ಇದ್ದಂಗೆ ಎರಡು ರೆಕ್ಕೆ, ನೋಡೋಕೆ ಚಂದವೋ ಚಂದ. ಅದು ಓಡೋ ದಿನ ನಾನು ಆಫೀಸಿಗೆ ರಜೆ ಹಾಕ್ತೀನಿ. ಮೊದಲನೇ ನಂಬರ್ ಬಂದಾಗ ಯಾರೂ ಫೋನ್ ಮಾಡ್ಬೇಡಿ, ಎರಡನೇದು ಬಂದ್ಮೇಲೆ ಮಾಡಿ.