ಹನ್ನೆರಡು ಪದ ಬರೆದಿಟ್ಟ ಹಾಳೆ

ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ, ಬಂದರೆ ಬಡವರ ಕಷ್ಟ ಕಳೆಯುತ್ತೆ ಅಂತ ಯಾರಾದರೂ ಹೇಳಿದರೆ ನನಗೆ ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ನೆನಪಾಗುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್‌ಗೆ ಅಧಿಕೃತ ಹಣದ ಪಟ್ಟ ಕಟ್ಟಿದ ಮೊದಲ ದೇಶ ಅದು. ಸರ್ಕಾರವೇ ಚಿವೊ ಅನ್ನೋ ಆ್ಯಪ್ ತಂದು, ಹಾಕಿಕೊಂಡವರಿಗೆಲ್ಲ 30 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಟ್ಟಿತು. ಜನ ಮುಗಿಬಿದ್ದರು. ಪುಕ್ಕಟೆ ಬಂದಿದ್ದನ್ನು ಖರ್ಚು ಮಾಡಿದರು. ಆಮೇಲೆ ಬಹಳಷ್ಟು ಮಂದಿ ಆ ಆ್ಯಪ್ ಕಡೆ ತಲೆ ಹಾಕಲಿಲ್ಲ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ ಬೇಕಾದಾಗ, 2025ರ ಜನವರಿಯಲ್ಲಿ, ವ್ಯಾಪಾರಿಗಳು ಬಿಟ್‌ಕಾಯಿನ್ ತಗೊಳ್ಳಲೇಬೇಕು ಅನ್ನೋ ನಿಯಮವನ್ನೂ ತೆಗೆದುಹಾಕಿದರು.

ಜನ ದಡ್ಡರೇನಲ್ಲ. 2021ರ ನವೆಂಬರ್‌ನಲ್ಲಿ ಸುಮಾರು 69 ಸಾವಿರ ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 17 ಸಾವಿರಕ್ಕಿಂತ ಕೆಳಗೆ ಬಿತ್ತು. ಮುಂದಿನ ತಿಂಗಳ ಬಾಡಿಗೆ ದುಡ್ಡನ್ನು ಅದರಲ್ಲಿ ಇಟ್ಟವನು ಏನು ಮಾಡಬೇಕು? ಬೆಲೆ ಮತ್ತೆ ಏರೋವರೆಗೆ ಮನೆ ಮಾಲೀಕ ಕಾಯ್ತಾನಾ?

ಹಾಗಂತ ಎಲ್ಲಾ ಸುಳ್ಳು ಅನ್ನಲಾರೆ. ಹೊರದೇಶದಲ್ಲಿ ದುಡಿಯುವವರು ಮನೆಗೆ 200 ಡಾಲರ್ ಕಳಿಸಿದರೆ, ವಿಶ್ವಬ್ಯಾಂಕ್ ಲೆಕ್ಕದಲ್ಲಿ ಸರಾಸರಿ ಶೇ 6ಕ್ಕಿಂತ ಜಾಸ್ತಿ ಶುಲ್ಕಕ್ಕೇ ಹೋಗುತ್ತದೆ. ಅಂದರೆ 12 ಡಾಲರ್‌ಗೂ ಮೇಲೆ. ಸ್ಟೇಬಲ್‌ಕಾಯಿನ್, ಅಂದರೆ ಬೆಲೆ ಏರಿಳಿಯದಂತೆ ಡಾಲರ್‌ಗೆ ಕಟ್ಟಿಹಾಕಿದ ಕ್ರಿಪ್ಟೋ, ಈ ದುಡ್ಡನ್ನು ತುಂಬಾ ಕಡಿಮೆ ಖರ್ಚಿನಲ್ಲಿ ದಾಟಿಸಬಹುದು. ಅರ್ಜೆಂಟೀನಾದಂಥ ಕಡೆ ಅಲ್ಲಿನ ಹಣ ಪೆಸೊದ ಬೆಲೆ ಕರಗುವಾಗ ಜನ ಇದನ್ನೇ ಹಿಡಿದುಕೊಂಡಿದ್ದಾರೆ, ನಿಜ. (ಆದರೆ ‘ಸ್ಟೇಬಲ್’ ಅನ್ನೋ ಹೆಸರು ನಂಬಿ ಕೂರಬೇಡಿ. ಟೆರಾಯುಎಸ್‌ಡಿ ಕೂಡ ಸ್ಟೇಬಲ್‌ಕಾಯಿನ್ನೇ. 2022ರ ಮೇನಲ್ಲಿ ಕೆಲವೇ ದಿನದಲ್ಲಿ ಮಣ್ಣುಪಾಲಾಯಿತು.)

ನನ್ನ ತಕರಾರು ಬೇರೆ ಕಡೆ ಇದೆ. ಒಮ್ಮೆ ಹೇಗಿರುತ್ತೆ ನೋಡೋಣ ಅಂತ ಕ್ರಿಪ್ಟೋದಲ್ಲಿ ಸ್ವಲ್ಪ ದುಡ್ಡು ಕಳಿಸಿದ್ದೆ. ವಾಲೆಟ್ (ಕ್ರಿಪ್ಟೋ ಇಡುವ ಫೋನ್ ಆ್ಯಪ್) ತೆರೆದ ಕೂಡಲೇ ಹನ್ನೆರಡು ಪದ ತೋರಿಸಿ, ಇವನ್ನು ಬರೆದಿಟ್ಟುಕೊಳ್ಳಿ, ಯಾರಿಗೂ ತೋರಿಸಬೇಡಿ ಅಂದಿತು. ಫೋನ್ ಹಾಳಾದರೆ ದುಡ್ಡನ್ನು ಮತ್ತೆ ತೆರೆಯುವ ಕೀಲಿ ಈ ಪದಗಳೇ. ಬರೆದುಕೊಂಡೆ. ಆಮೇಲೆ ಕಳಿಸಬೇಕಾದ ವಿಳಾಸ. ಅಕ್ಷರ, ಅಂಕಿ ಎಲ್ಲಾ ಕಲಸಿದ ಉದ್ದನೆಯ ಸಾಲು. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಮೂರು ಸಲ ತಾಳೆ ನೋಡಿದೆ. ಯಾವ ಬ್ಲಾಕ್‌ಚೈನ್ (ಕ್ರಿಪ್ಟೋ ಲೆಕ್ಕ ಬರೆದಿಡುವ ಹಂಚಿಕೆಯ ಖಾತೆ ಪುಸ್ತಕ) ನೆಟ್‌ವರ್ಕ್ ಅಂತ ಬೇರೆ ಕೇಳಿತು. ಒತ್ತುವಾಗ ಬೆರಳು ನಡುಗಿತ್ತು. ಹೋದರೆ ಹೋಗಲಿ ಅನ್ನುವಷ್ಟೇ ದುಡ್ಡು, ಆದರೂ!

ಆ ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ. ಬೀರು, ಬೀಗ ಎರಡೂ ಇಲ್ಲದವರು ಅದನ್ನು ಎಲ್ಲಿಡಬೇಕು? ವಾಲೆಟ್ ಇರೋ ಫೋನೂ ಹಾಳಾಗಿ, ಹಾಳೆಯೂ ಕಳೆದರೆ ದೂರು ಕೊಡಲು ಕೌಂಟರ್ ಇಲ್ಲ. ಬ್ಯಾಂಕಿನಂಥವರು ಮಧ್ಯೆ ಯಾರೂ ಇಲ್ಲ ಅನ್ನೋದನ್ನೇ ಕ್ರಿಪ್ಟೋ ಪರ ಇರೋರು ದೊಡ್ಡ ಗುಣ ಅಂತ ಹೊಗಳೋದು. ನನಗೇನೋ ಬಡವರಿಗೆ ಆ ಮಧ್ಯದ ಮನುಷ್ಯನೇ ಬೇಕು ಅನಿಸುತ್ತದೆ. ಮೋಸ ಮಾಡದವನು, ಅಷ್ಟೆ.

ಕೀನ್ಯಾದಲ್ಲಿ 2007ರಲ್ಲಿ ಶುರುವಾದ, ಫೋನಿನಲ್ಲೇ ದುಡ್ಡು ಕಳಿಸುವ ಸೇವೆ ಎಂ-ಪೆಸಾ ನೋಡಿ. ಬಟನ್ ಫೋನ್ ಸಾಕು. ಏಜೆಂಟ್ ಹತ್ತಿರ ಹೋದರೆ ಕೈಗೆ ನೋಟು ಬರುತ್ತದೆ. ಬ್ಲಾಕ್‌ಚೈನ್ ಗೀಕ್‌ಚೈನ್ ಏನೂ ಇಲ್ಲದೆ ಅದು ಬ್ಯಾಂಕ್ ಖಾತೆ ಇಲ್ಲದವರ ಕೈಗೆ ತಲುಪಿತು.

ಸ್ಟೇಬಲ್‌ಕಾಯಿನ್‌ನಲ್ಲಿ ಮನೆಗೆ ದುಡ್ಡು ಕಳಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿಷಯ ಹೇಳಿ. ಆ ಕಡೆ ಅದನ್ನು ನೋಟು ಮಾಡಿಕೊಡೋರು ಯಾರು? ಅವರು ಎಷ್ಟು ಮುರಿದುಕೊಳ್ತಾರೆ?