ಶುಗರ್ ಅಂದರೆ ಮರ್ಯಾದೆ, ಗ್ಯಾಸ್ ಅಂದರೆ ನಗು

ಡಾಕ್ಟರು ಐಬಿಎಸ್ ಅಂದರು, ಅಂದರೆ ಕರುಳು ಸುಮ್ಮಸುಮ್ಮನೆ ಮುನಿಸಿಕೊಳ್ಳುವ ತೊಂದರೆ. ಹುಣ್ಣಿಲ್ಲ, ಗಡ್ಡೆಯಿಲ್ಲ, ಸ್ಕ್ಯಾನಿಂಗಿನಲ್ಲಿ ಎಲ್ಲ ಸರಿ ಉಂಟು, ಆದರೆ ಉಂಡು ಎದ್ದ ಮೇಲೆ ಹೊಟ್ಟೆ ಮಾತ್ರ ಯಕ್ಷಗಾನದ ಚೆಂಡೆಯ ಹಾಗೆ ಬಿಗಿಯುತ್ತದೆ. ಮಾತ್ರೆ ಸ್ವಲ್ಪ, ಪಥ್ಯದ ಪಟ್ಟಿ ಉದ್ದ. ಲೋ ಫಾಡ್‌ಮ್ಯಾಪ್ ಅಂತೆ, ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯವರು ರೂಪಿಸಿದ್ದು. ಫಾಡ್‌ಮ್ಯಾಪ್ ಅಂದರೆ ಕೆಲವು ಬಗೆಯ ಸಕ್ಕರೆ ಅಂಶಗಳು; ಅವನ್ನು ಸಣ್ಣ ಕರುಳು ಸರಿಯಾಗಿ ಹೀರುವುದಿಲ್ಲ, ಅವು ದೊಡ್ಡ ಕರುಳಿಗೆ ಹೋಗಿ ಹುಳಿ ಬಂದು ಗ್ಯಾಸ್ ಆಗುತ್ತವೆ. 2ರಿಂದ 6 ವಾರ ಅವು ಜಾಸ್ತಿ ಇರುವುದನ್ನೆಲ್ಲ ಬಿಡಬೇಕು. ಆಮೇಲೆ ಒಂದೊಂದೇ ತಿಂದು ಕಳ್ಳ ಯಾರೆಂದು ಹಿಡಿಯಬೇಕು.

ಪಟ್ಟಿಯ ಮೊದಲ ಎರಡು ಹೆಸರು ಈರುಳ್ಳಿ, ಬೆಳ್ಳುಳ್ಳಿ. ನನಗೆ ನಗು ಬಂತು. ಉಡುಪಿಯಲ್ಲಿ ಕೂತು ಇದಕ್ಕೆ ಹೆದರುವುದುಂಟಾ? ಮಠದ ಅಡುಗೆಮನೆಯಲ್ಲಿ ಇವೆರಡಕ್ಕೂ ಪ್ರವೇಶವೇ ಇಲ್ಲ. ಕೆಳಗೆ ಓದಿದೆ. ಬೇಳೆ ಜಾಸ್ತಿ ಬೇಡ, ಗೋಧಿ ಬೇಡ, ಹಾಲು ಬೇಡ, ಗೋಡಂಬಿ ಬೇಡ. ಇಂಗಾದರೂ ಹಾಕಿಕೊಳ್ಳೋಣ ಅಂದರೆ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರಂತೆ, ಡಬ್ಬಿ ತಿರುಗಿಸಿ ನೋಡಿದರೆ ನಿಜ. ಅಲ್ಲಿಗೆ ಸಾರು, ಹುಳಿ ಎರಡೂ ಹೋದವು. ಬನ್ಸ್ ಬಗ್ಗೆ ಕೇಳುವ ಹಾಗೇ ಇಲ್ಲ. ಮೈದಾ, ಮೊಸರು, ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು. ಪಟ್ಟಿಯಲ್ಲಿ ಇರುವವರೆಲ್ಲ ಸಂಘ ಕಟ್ಟಿಕೊಂಡು ಎಣ್ಣೆಗೆ ಹಾರಿದ್ದೇ ಬನ್ಸ್! ಉಳಿದದ್ದು ಕುಚ್ಚಲಕ್ಕಿ ಗಂಜಿ, ನೀರ್‌ದೋಸೆ, ಮತ್ತೆ ನಮ್ಮ ಪುಣ್ಯಕ್ಕೆ ಮಟ್ಟುಗುಳ್ಳ ಬದನೆ. ಸುಟ್ಟು, ಸಿಪ್ಪೆ ತೆಗೆದು, ಹಸಿಮೆಣಸು ನುರಿದು, ತೆಂಗಿನೆಣ್ಣೆ ಬಿಟ್ಟ ಗೊಜ್ಜು ಇದ್ದರೆ ಗಂಜಿ ಇಳಿಯುತ್ತದೆ ಬಿಡಿ.

ಒಂದು ದಾರಿ ಮಾತ್ರ ಬಿಟ್ಟಿದ್ದರು. ಬೆಳ್ಳುಳ್ಳಿಯ ಕಿತಾಪತಿ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅಂದರೆ ಎಣ್ಣೆಯಲ್ಲಿ ಹುರಿದು, ಎಸಳು ತೆಗೆದು, ಆ ಎಣ್ಣೆಯನ್ನು ಪಲ್ಯಕ್ಕೆ ಹಾಕಬಹುದು. ಹೆಂಡತಿ ಅಭ್ಯಾಸಬಲದಿಂದ ಬೆಳ್ಳುಳ್ಳಿಯನ್ನು ಜಜ್ಜಿಯೇ ಹಾಕಿದಳು. ನಾನು ಚಹಾ ಸೋಸುವ ಜಾಲರಿ ಹಿಡಿದು ಒಗ್ಗರಣೆ ಸೌಟಿನ ಮೇಲೆ ಬಗ್ಗಿದೆ, ಅಷ್ಟರಲ್ಲಿ ಸಾಸಿವೆ ಸಿಡಿದು ಕನ್ನಡಕಕ್ಕೆ ಬಿತ್ತು. ಕನ್ನಡಕ ಒರೆಸಿ ನೋಡುವಾಗ ಕೆಂಪಗೆ ಗರಿಗರಿಯಾದ ಚೂರುಗಳನ್ನೆಲ್ಲ ಅವಳು ಉಪ್ಪು ಉದುರಿಸಿ ತಿನ್ನುತ್ತಿದ್ದಳು. "ಎಂತ ನೋಡುದು? ನಿಮ್ಗೆ ಪರಿಮಳ ಸಾಕಲ್ವಾ?"

ಮನೆಯಲ್ಲಿ ಹೇಗೋ ಆಗುತ್ತದೆ. ಕಷ್ಟ ಇರುವುದು ಜಂಬಾರದಲ್ಲಿ, ಅಂದರೆ ಸಮಾರಂಭದ ಊಟದಲ್ಲಿ. ಇಲ್ಲಿ "ಬೇಡ" ಅಂದರೆ "ಸ್ವಲ್ಪ ಹಾಕಿ" ಅಂತ ಅರ್ಥ. ಎಲೆಗೆ ಎರಡು ಕೈ ಅಡ್ಡ ಇಟ್ಟರೂ ಬಡಿಸುವವರು ಬೆರಳ ಸಂದಿನಲ್ಲಿ ಜಾಗ ಹುಡುಕುತ್ತಾರೆ. ಹೊಟ್ಟೆ ಸರಿ ಇಲ್ಲ ಅಂದರಂತೂ ಮುಗಿಯಿತು. ಓಮ ಜಗಿ, ಪುನರ್ಪುಳಿ ಕುಡಿ, ಮೊಬೈಲ್ ಬಿಡು. ಗ್ಯಾಸ್ ಅಂದರೆ ಪಂಕ್ತಿಯ ಮಕ್ಕಳೆಲ್ಲ ಕಿಸಕ್ಕನೆ ನಗುತ್ತಾರೆ.

ಮೊನ್ನೆ ಚಿಕ್ಕಮ್ಮನ ಮನೆಯೊಕ್ಕಲಿನಲ್ಲಿ ಪಾಯಸದ ಬಕೆಟ್ ಹತ್ತಿರ ಬರುತ್ತಿದ್ದ ಹಾಗೆ ಪಕ್ಕದವರು ಕೇಳಿದರು, "ಎಂತ, ಶುಗರಾ?" ನಾನು ಹೌದು ಅಂದುಬಿಟ್ಟೆ. ಅಬ್ಬಾ, ಅದಕ್ಕೆ ಸಿಗುವ ಮರ್ಯಾದೆಯೇ ಬೇರೆ ಮಾರಾಯ್ರೆ! ಪಾಯಸ ಬಗ್ಗಿ ನಮಸ್ಕಾರ ಮಾಡಿದ ಹಾಗೆ ಮುಂದೆ ಹೋಯಿತು. ಹೋಳಿಗೆಯೂ ತಪ್ಪಿತು. ಆರಾಮವಾಗಿ ಅನ್ನ ಕಲಸುತ್ತಿದ್ದೆ, ಅಷ್ಟರಲ್ಲಿ ಚಿಕ್ಕಮ್ಮ ಒಳಗಿಂದ ಓಡಿಬಂದರು, ಕೈಯಲ್ಲಿ ಬಿಸಿಬಿಸಿ ಗೋಧಿ ಚಪಾತಿ. "ಅನ್ನ ಬಿಡು ಮಗಾ. ಶುಗರಿನವರಿಗೆ ಅಂತಲೇ ಬೇರೆ ಮಾಡಿಸಿದ್ದು." ಜೊತೆಗೆ ಬಟಾಣಿ ಕುರ್ಮ. ಎದುರಿಗೇ ನಿಂತರು, ಎರಡನೆಯದಕ್ಕೆ ತುಪ್ಪ ಹಚ್ಚುತ್ತಾ.

ಆ ರಾತ್ರಿಯ ವಿಷಯ ಬೇಡ. ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಮಗ ಬಾಟಲಿ ತುಂಬಾ ಹಾಗಲಕಾಯಿ ರಸ ತಂದುಕೊಟ್ಟು ಹೋದ. ಖಾಲಿ ಬಾಟಲಿ ವಾಪಸ್ ಬೇಕಂತೆ, ನಾಳೆ ಪುನಃ ತುಂಬಿಸಲಿಕ್ಕೆ.