ತಿಳಿಯೋದು ಆಸಕ್ತಿಯಲ್ಲ, ಬಿಡುವು

ಕೆಲಸ ಬೇಕೆನ್ನುವವರು ಟೇಕ್‌ಹೋಮ್ ಅಸೈನ್‌ಮೆಂಟಿಗೆ (ಆಯ್ಕೆಗೆ ಮುಂಚೆ ಮನೆಯಲ್ಲೇ ಮಾಡಿ ಕಳಿಸಿ ಅಂತ ಕಂಪನಿ ಕೊಡುವ ಪರೀಕ್ಷೆಯ ಕೆಲಸ) ನಾಲ್ಕೈದು ದಿನ ಕೊಡಲಿ, ಆಸಕ್ತಿ ಎಷ್ಟಿದೆ ಅಂತ ಅದರಲ್ಲೇ ತಿಳಿಯುತ್ತೆ ಅಂತ ಬರೆದಿದ್ದೀರಿ. ಅದರಲ್ಲಿ ತಿಳಿಯೋದು ಯಾರಿಗೆ ಬಿಡುವಿದೆ ಅನ್ನೋದಷ್ಟೇ ಸರ್. ಮನೆಯಲ್ಲಿ ಚಿಕ್ಕ ಮಗು ಇರುವವರು, ಈಗಿರುವ ಕೆಲಸದಲ್ಲೇ ಹೈರಾಣಾಗಿರುವವರು ಮೊದಲ ಸುತ್ತಿನಲ್ಲೇ ಉದುರಿಹೋಗ್ತಾರೆ.

ಕೆಲಸದ ಮಾದರಿ ಮಾಡಿಸಿ ನೋಡೋದೇ ತಪ್ಪು ಅಂತಲ್ಲ. ಯಾರು ಚೆನ್ನಾಗಿ ಕೆಲಸ ಮಾಡ್ತಾರೆ ಅಂತ ಯಾವ ಆಯ್ಕೆ ವಿಧಾನ ಸರಿಯಾಗಿ ಹೇಳುತ್ತೆ ಅಂತ 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು ಹಳೆಯ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಆ ವಿಧಾನಕ್ಕೆ ಒಳ್ಳೇ ಅಂಕವೇ ಸಿಕ್ಕಿತ್ತು. 2022ರಲ್ಲಿ ಸ್ಯಾಕೆಟ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ತಂಡ ಮತ್ತೆ ಲೆಕ್ಕ ಹಾಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಬೇರೆ: ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ. ಅದರಲ್ಲಿ ಕಂಪನಿಯವರ ಸಮಯವೂ ಖರ್ಚಾಗುತ್ತೆ. (ಅದಕ್ಕೇ ಇಷ್ಟವಿಲ್ಲವೇನೋ!)

ನಾನೂ ಒಮ್ಮೆ ಇಂಥ ಅಸೈನ್‌ಮೆಂಟನ್ನ ಎರಡು ವಾರಾಂತ್ಯ ಕೂತು ಮಾಡಿ ಕಳಿಸಿದ್ದೆ. ಆಯ್ಕೆಯಾಗಿಲ್ಲ ಅನ್ನುವ ಒಂದು ಸಾಲಿನ ಮೇಲ್ ಕೂಡ ಬರಲಿಲ್ಲ. ಈಗ ಮೊದಲೇ ಕೇಳಿಬಿಡ್ತೀನಿ: ಇದನ್ನ ನೋಡೋರು ಯಾರು, ಎಷ್ಟು ಜನಕ್ಕೆ ಕೊಟ್ಟಿದ್ದೀರಿ, ಎರಡು ಗಂಟೆ ಮೀರಿದರೆ ದುಡ್ಡು ಕೊಡ್ತೀರಾ? ನುಣುಚಿಕೊಂಡರೆ, ಆ ಹೊತ್ತಲ್ಲಿ ಇನ್ನೆರಡು ಕಡೆ ಅರ್ಜಿ ಹಾಕ್ತೀನಿ.